ಹಂಗಾಮು ಮುಗಿದ ಮೇಲೂ ಉಳಿಯುವ ಧೂಳು

ತುಂಗಭದ್ರೆಯ ದಂಡೆಯ ಚೀಕಲಪರ್ವಿಯನ್ನು ನಾಡು ಬಲ್ಲದ್ದು ಹರಿದಾಸರಾದ ವಿಜಯದಾಸರು ಹುಟ್ಟಿದ ಊರೆಂದು. ಆ ಊರಿರುವ ಮಾನ್ವಿ ಸೀಮೆಯ ದುಡಿಮೆಗೆ ಎರಡು ಆಸರೆ. ಕಾಲುವೆ ನೀರು ಮುಟ್ಟಿದ ಕಡೆ ಭತ್ತ, ಮುಟ್ಟದ ಎರೆಯಲ್ಲಿ ಹತ್ತಿ. ಅತ್ತ ದೇವದುರ್ಗದ ಹೊಲಗಳಲ್ಲೂ ಹತ್ತಿಯದೇ ಬಿಳುಪು. ದಸರೆ ಕಳೆದು ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಬಿಡಿಸಿದ ಹತ್ತಿ ರಾಯಚೂರಿನ ಎಪಿಎಂಸಿ ದಾರಿ ಹಿಡಿಯುತ್ತದೆ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳ ಹಂಗಾಮು ಶುರುವಾಗುತ್ತದೆ. ಐದಾರು ತಿಂಗಳು ಹಗಲುರಾತ್ರಿ ರೋಲರುಗಳು ತಿರುಗುತ್ತವೆ. ಆಮೇಲೆ ಗೇಟಿಗೆ ಬೀಗ ಬೀಳುತ್ತದೆ. ಕೆಲಸಗಾರರು ಹೊಲಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುತ್ತಾರೆ.

ನಮ್ಮ ಕಾನೂನು ಈ ಹಂಗಾಮನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದೆ. ಗಿರಣಿ ವರ್ಷಕ್ಕೆ ಆರು ತಿಂಗಳಷ್ಟೇ ನಡೆಯುತ್ತದೆ ಎಂಬ ಕಾರಣಕ್ಕೆ ಅಲ್ಲಿ ದುಡಿಯುವವರ ಆರೋಗ್ಯದ ಹೊಣೆಯನ್ನೂ ಅರ್ಧಕ್ಕೇ ನಿಲ್ಲಿಸಿದೆ. ಆದರೆ ಹತ್ತಿಯ ಧೂಳು ಶ್ವಾಸಕೋಶದಲ್ಲಿ ಮಾಡುವ ಕೆಲಸಕ್ಕೆ ಹಂಗಾಮಿಲ್ಲ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಕಲ್ಯಾಣ ಕರ್ನಾಟಕದ ಹತ್ತಿ ಉದ್ದಿಮೆ ದೊಡ್ಡದಾಗುವ ಲಕ್ಷಣಗಳು ಸ್ಪಷ್ಟವಾಗಿವೆ. ಅದೇ ಹೊತ್ತಿಗೆ ಸಣ್ಣ ಗಿರಣಿಗಳ ಮೇಲಿನ ಕಾನೂನಿನ ಹಿಡಿತ ಸಡಿಲವಾಗಿದೆ. ಈ ಎರಡು ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಹೇಳಲು ಭವಿಷ್ಯ ನುಡಿಯಬೇಕಿಲ್ಲ, ಬೇರೆ ಕಡೆ ಈಗಾಗಲೇ ಆಗಿರುವುದನ್ನು ಓದಿಕೊಂಡರೆ ಸಾಕು.

ಮೊದಲು ಧೂಳು ಎಲ್ಲಿಂದ ಬರುತ್ತದೆ ನೋಡೋಣ. ಗಿರಣಿಗೆ ಬರುವ ಹತ್ತಿಯಲ್ಲಿ ಅರಳೆ ಮತ್ತು ಬೀಜದ ಜೊತೆಗೆ ಒಣಗಿದ ಎಲೆ, ಕಾಯಿಯ ಸಿಪ್ಪೆ, ಹೂವಿನ ಬುಡದ ಪುಟ್ಟ ಎಲೆಗಳ ಪುಡಿ, ಹೊಲದ ಮಣ್ಣು ಎಲ್ಲವೂ ಸೇರಿರುತ್ತವೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಜೋಡಿ ರೋಲರಿನ ಜಿನ್. ಚರ್ಮ ಹೊದಿಸಿದ ಎರಡು ರೋಲರುಗಳು ತಿರುಗುತ್ತ ಎಳೆಯನ್ನು ಕಚ್ಚಿ ಎಳೆಯುತ್ತವೆ, ಸ್ಥಿರವಾದ ಚಾಕು ಬೀಜವನ್ನು ತಡೆಯುತ್ತದೆ, ಆಡುವ ಚಾಕು ಅದನ್ನು ಬಡಿದು ಬೀಳಿಸುತ್ತದೆ. ಆ ಪ್ರತಿ ಬಡಿತಕ್ಕೂ ಧೂಳು ಏಳುತ್ತದೆ. ರೋಲರಿನ ಚರ್ಮ ಸಾಮಾನ್ಯವಾಗಿ ಕ್ರೋಮಿಯಂನಲ್ಲಿ ಹದ ಮಾಡಿದ್ದು, ಅದು ಸವೆದು ಉದುರುವ ಪುಡಿಯೂ ಈ ಗಾಳಿಗೇ ಸೇರುತ್ತದೆ. ಹತ್ತಿಯನ್ನು ಕೈಯಿಂದ ತುಂಬುವ, ಅರಳೆಯನ್ನು ತಳ್ಳುವ, ಕಸ ಆರಿಸುವ ಕೆಲಸಕ್ಕೆ ನಿಲ್ಲುವವರಲ್ಲಿ ಹೆಣ್ಣುಮಕ್ಕಳೇ ಬಹಳ. ಮೂಗಿಗೆ ಸೆರಗು, ಇಲ್ಲವೇ ಒಂದು ಟವೆಲ್. ಕಣ್ಣಿಗೆ ಕಾಣುವ ನಾರನ್ನು ಆ ಬಟ್ಟೆ ಅಷ್ಟಿಷ್ಟು ತಡೆದೀತು. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯಲ್ಲಿ ನಿಲ್ಲುವುದೂ ಇಲ್ಲ.

ಹತ್ತಿ ಧೂಳಿನಿಂದ ಬರುವ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಇದನ್ನು ಗುರುತಿಸಲು ವೈದ್ಯರಿಗೆ ಸಿಕ್ಕ ಸುಳಿವು ವಿಚಿತ್ರವಾದದ್ದು. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ, ದಮ್ಮು ಹತ್ತುತ್ತದೆ. ಎರಡನೆಯ ದಿನ ಕಡಿಮೆ, ವಾರದ ಕೊನೆಗೆ ಇಲ್ಲವೇ ಇಲ್ಲ. ಮುಂದಿನ ವಾರ ಮತ್ತೆ ಅದೇ. ಸಾಮಾನ್ಯ ಆಸ್ತಮಾ ಹೀಗೆ ನಡೆದುಕೊಳ್ಳುವುದಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯ ಈ ನಡವಳಿಕೆಯನ್ನೇ ಅಳತೆಗೋಲು ಮಾಡಿಕೊಂಡು ರೋಗವನ್ನು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತಗಳಲ್ಲಿ ಬಿಗಿತ ರಜೆಯ ಮರುದಿನಕ್ಕಷ್ಟೇ ಸೀಮಿತ. ಆಮೇಲೆ ವಾರದ ಉಳಿದ ದಿನಗಳಿಗೂ ಹರಡುತ್ತದೆ. ಕೊನೆಗೆ ಕೆಲಸ ಬಿಟ್ಟರೂ ಬಿಡದ ಉಬ್ಬಸವಾಗಿ, ಮೆಟ್ಟಿಲು ಹತ್ತಲಾರದ ಸ್ಥಿತಿಯಾಗಿ ನಿಲ್ಲುತ್ತದೆ. ಮೊದಲ ಹಂತದಿಂದ ಹಿಂದಿರುಗಬಹುದು, ಕೊನೆಯ ಹಂತದಿಂದ ಆಗದು. ಇವೆರಡರ ನಡುವೆ ಸಾಮಾನ್ಯವಾಗಿ ಹತ್ತಕ್ಕೂ ಹೆಚ್ಚು ವರ್ಷಗಳ ಅಂತರವಿರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಅಂತರದಲ್ಲೇ ಇದೆ. ತಡೆಯಲು ಕಾಲಾವಕಾಶ ಕೊಟ್ಟು ಬರುವ ರೋಗ ಇದು.

ಕಾರಣ ಬರೀ ನಾರಲ್ಲ. ಹತ್ತಿಯ ಎಲೆ ಸಿಪ್ಪೆಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳ ಹೊರಕವಚದ ವಿಷವಸ್ತು, ಅಂದರೆ ಎಂಡೋಟಾಕ್ಸಿನ್, ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆ ಎಂಬುದಕ್ಕೆ ಬಲವಾದ ಆಧಾರಗಳಿವೆ. 1981ರಲ್ಲಿ ಚೀನಾದ ಶಾಂಘೈಯಲ್ಲಿ ಹಾರ್ವರ್ಡಿನ ಡೇವಿಡ್ ಕ್ರಿಸ್ಟಿಯಾನಿ ಮತ್ತು ಸಂಗಡಿಗರು ಸುಮಾರು 900 ಕಾರ್ಮಿಕರನ್ನು ಆರಿಸಿಕೊಂಡು ದಶಕಗಳ ಕಾಲ ಅವರ ಉಸಿರಿನ ಬಲ ಅಳೆಯುತ್ತ ಹೋದರು. ಅವರಲ್ಲಿ ಅರ್ಧದಷ್ಟು ಜನ ಹತ್ತಿ ಗಿರಣಿಯವರು, ಉಳಿದವರು ರೇಷ್ಮೆ ಗಿರಣಿಯವರು. ವಯಸ್ಸಾಗುತ್ತ ಎಲ್ಲರ ಉಸಿರಿನ ಬಲವೂ ಇಳಿಯುತ್ತದೆ, ಅದು ಸಹಜ. ಹತ್ತಿಯವರಲ್ಲಿ ಅದು ರೇಷ್ಮೆಯವರಿಗಿಂತ ಹೆಚ್ಚು ಇಳಿದಿತ್ತು, ಎಂಡೋಟಾಕ್ಸಿನ್ ಹೆಚ್ಚು ಎಳೆದುಕೊಂಡವರಲ್ಲಿ ಇನ್ನೂ ಹೆಚ್ಚು. ಕೆಲಸ ಬಿಟ್ಟ ಮೇಲೆ ಒಂದಿಷ್ಟು ಚೇತರಿಕೆಯೂ ಕಂಡಿತು. ಧೂಳಿನಿಂದ ದೂರವಾದರೆ ಶ್ವಾಸಕೋಶ ತನ್ನನ್ನು ತಾನು ಸ್ವಲ್ಪವಾದರೂ ಸರಿಪಡಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ದೀರ್ಘವಾದ ಸಾಕ್ಷ್ಯ ಸಿಗುವುದು ಕಷ್ಟ.

ಇದೆಲ್ಲ ನೂಲಿನ ಗಿರಣಿಯ ಮಾತಾಯಿತು, ಜಿನ್ನಿಂಗ್ ಬೇರೆಯಲ್ಲವೇ ಎಂದು ಮಿಲ್ಲಿನ ಮಾಲೀಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕ 1978ರಲ್ಲಿ ಹತ್ತಿ ಧೂಳಿಗೆ ಮಿತಿ ಹಾಕಿದಾಗ ನೂಲುವ ಘಟಕಗಳಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 200 ಮೈಕ್ರೋಗ್ರಾಂ ಮೀರಬಾರದು ಎಂದಿತು. ಜವಳಿ ಕಂಪನಿಗಳು ಖರ್ಚಿನ ಲೆಕ್ಕ ಮುಂದಿಟ್ಟು ಸುಪ್ರೀಂ ಕೋರ್ಟಿಗೆ ಹೋದವು. 1981ರಲ್ಲಿ ಕೋರ್ಟು, ಸಾಧ್ಯವಿರುವ ಮಟ್ಟಿಗೆ ಕಾರ್ಮಿಕರ ಆರೋಗ್ಯ ಕಾಯಬೇಕೆಂದು ಕಾನೂನೇ ಹೇಳಿರುವಾಗ ಲಾಭ ನಷ್ಟ ತೂಗಿ ನೋಡುವ ಅಗತ್ಯವಿಲ್ಲ ಎಂದು ಆ ಮಿತಿಯನ್ನು ಎತ್ತಿ ಹಿಡಿಯಿತು. ಗಿರಣಿಗಳು ಹೊಸ ಯಂತ್ರ ಹಾಕಿದವು, ರೋಗ ಗಣನೀಯವಾಗಿ ಇಳಿಯಿತು. ಆದರೆ ಆ ನಿಯಮದಿಂದ ಜಿನ್ನಿಂಗನ್ನು ಹೊರಗಿಡಲಾಗಿತ್ತು ಎಂಬುದೂ ನಿಜ. ಅಮೆರಿಕದ ಜಿನ್ ಬಹುಪಾಲು ಗರಗಸದ್ದು, ಅಲ್ಲಿ ಯಂತ್ರದ ಬಳಿ ನಿಲ್ಲುವ ಮನುಷ್ಯರು ಕಡಿಮೆ. ನಮಗೆ ಹತ್ತಿರದ ಹೋಲಿಕೆ ಈಜಿಪ್ಟ್ ಮತ್ತು ಸುಡಾನ್. ಅಲ್ಲಿಯೂ ರೋಲರ್ ಜಿನ್ನೇ, ಅಲ್ಲಿಯೂ ಹಂಗಾಮಿ ಕೂಲಿಗಳೇ. 1960ರ ದಶಕದಲ್ಲಿ ಆ ದೇಶಗಳ ಜಿನ್ನಿಂಗ್ ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರು ಅವರಲ್ಲಿ ಬಿಸಿನೋಸಿಸ್ ಇರುವುದನ್ನು ದಾಖಲಿಸಿದ್ದಾರೆ. ಹಂಗಾಮಿ ಕೆಲಸ ರಕ್ಷಣೆ ಕೊಡುತ್ತದೆ ಎಂಬ ನಂಬಿಕೆ ಅಲ್ಲಿಗೇ ಸಡಿಲವಾಗಬೇಕಿತ್ತು.

ನಮ್ಮಲ್ಲಿ ಈ ರೋಗಿ ಎಲ್ಲಿ ಹೋಗುತ್ತಾನೆ? ಕೆಮ್ಮು, ದಮ್ಮು ಎಂದು ತಾಲೂಕು ಆಸ್ಪತ್ರೆಗೆ ಬಂದವರಿಗೆ ಕ್ಷಯದ ಪರೀಕ್ಷೆ ಆಗುತ್ತದೆ. ಇಲ್ಲದಿದ್ದರೆ ಆಸ್ತಮಾ ಎನ್ನುತ್ತಾರೆ, ಗಂಡಸಾದರೆ ಬೀಡಿ ಬಿಡು ಎನ್ನುತ್ತಾರೆ, ಹೆಂಗಸಾದರೆ ಒಲೆಯ ಹೊಗೆ ಎನ್ನುತ್ತಾರೆ. ಏನು ಕೆಲಸ, ಎಷ್ಟು ವರ್ಷದಿಂದ, ಯಾವ ದಿನ ಹೆಚ್ಚು ಎಂಬ ಪ್ರಶ್ನೆಗಳನ್ನು ಕೇಳುವ ಪುರುಸೊತ್ತು ಹೊರರೋಗಿ ವಿಭಾಗಕ್ಕೆ ಇರುವುದಿಲ್ಲ. ಮೇ ತಿಂಗಳಲ್ಲಿ ಬಂದರಂತೂ ಎದೆಬಿಗಿತದ ಲಕ್ಷಣವೇ ಸಿಗದಿರಬಹುದು, ಏಕೆಂದರೆ ಗಿರಣಿ ನಿಂತಿರುತ್ತದೆ. ಹುಡುಕಿದ ಕಡೆ ರೋಗ ಸಿಕ್ಕಿದ ಇತಿಹಾಸ ನಮ್ಮ ರಾಜ್ಯದಲ್ಲೇ ಇದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಕಲ್ಲಿನ ಧೂಳಿನ ಕಾಯಿಲೆಯಾದ ಸಿಲಿಕೋಸಿಸ್ ಕಂಡುಬಂತು. ಗಣಿ ಶುರುವಾಗಿ ಆಗಲೇ ಅರ್ಧ ಶತಮಾನ ಕಳೆದಿತ್ತು.

ಈಗ ಕಾನೂನಿಗೆ ಬರೋಣ. ಬ್ರಿಟಿಷ್ ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರದ್ದು. ನೂರು ಜನರಿಗಿಂತ ಕಡಿಮೆ ಇದ್ದ ಗಿರಣಿಗೆ ಅದು ಅನ್ವಯಿಸುತ್ತಿರಲಿಲ್ಲ, ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯದ ಗಿರಣಿಗೂ ಇಲ್ಲ. ಜಿನ್ನಿಂಗ್ ಮಿಲ್ಲುಗಳು ಹೊರಗುಳಿದದ್ದು ಹೀಗೆ. 1891ರಲ್ಲಿ ನೂರು ಐವತ್ತಾಯಿತು. ಹಂಗಾಮಿ ಗಿರಣಿಗಳು ಒಳಗೆ ಬಂದದ್ದು 1911ರಲ್ಲಿ. 1922ರಲ್ಲಿ ಐವತ್ತು ಇಪ್ಪತ್ತಾಯಿತು. 1934ರ ಕಾಯಿದೆ ವರ್ಷವಿಡೀ ನಡೆಯುವ ಕಾರ್ಖಾನೆಗೆ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿ, ಹಂಗಾಮಿ ಕಾರ್ಖಾನೆಗೆ ಹನ್ನೊಂದು ಗಂಟೆ ಬಿಟ್ಟುಕೊಟ್ಟಿತು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಈ ಕಾಯಿದೆಗಳು ಇಲ್ಲಿಗೆ ನೇರವಾಗಿ ಬರಲಿಲ್ಲ, ಆದರೆ ಸ್ವತಂತ್ರ ಭಾರತ ತನ್ನ ಕಾನೂನು ಕಟ್ಟಿದ್ದು ಇವುಗಳ ಮೇಲೆಯೇ. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೂ ಸಾಕು, ಅದು ಕಾರ್ಖಾನೆ ಎಂದಿತು. ಅರವತ್ತೇಳು ವರ್ಷಗಳಲ್ಲಿ ನೂರರಿಂದ ಹತ್ತಕ್ಕೆ ಇಳಿದ ಸಂಖ್ಯೆ ಇದು. ಒಂದೊಂದು ಇಳಿತದ ಹಿಂದೆಯೂ ಹೋರಾಟವಿತ್ತು, ಆಯೋಗಗಳ ವಿಚಾರಣೆಯಿತ್ತು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಒಂದಾದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಅನಿಸಿಕೊಳ್ಳಲು ಇಪ್ಪತ್ತು ಕೆಲಸಗಾರರು ಬೇಕು, ವಿದ್ಯುತ್ ಇಲ್ಲದ ಕಡೆ ನಲವತ್ತು. ನೋಂದಣಿಯ ಬಾಧ್ಯತೆ ಹತ್ತು ಜನರಿಂದಲೇ ಶುರುವಾಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಎಲ್ಲ ನೌಕರರಿಗೂ ನೇಮಕಾತಿ ಪತ್ರ ಕೊಡಬೇಕೆಂಬ ಒಳ್ಳೆಯ ವಿಧಿಯೂ ಸಂಹಿತೆಯಲ್ಲಿದೆ. ಆದರೆ ಕಾರ್ಖಾನೆಗೆಂದೇ ಇರುವ ವಿಶೇಷ ನಿಯಮಗಳ ಹೊಸ್ತಿಲು ಒಂದೇ ಏಟಿಗೆ 1922ರ ಮಟ್ಟಕ್ಕೆ ಏರಿದೆ. ಜಿನ್ನಿಂಗ್‌ನಲ್ಲಿ ತುಂಬುವವರು, ಎತ್ತುವವರು, ಹಮಾಲರು ಬೇರೆ ಬೇರೆ ಮೇಸ್ತ್ರಿಗಳ ಗುಂಪಿನವರಾಗಿರುವಾಗ ಮಾಲೀಕನ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹೆಸರಷ್ಟೇ ಉಳಿಸುವುದು ಕಷ್ಟದ ಕೆಲಸವಲ್ಲ.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಅದು ಹೊಸದಲ್ಲ. 1948ರ ನೌಕರರ ರಾಜ್ಯ ವಿಮೆ (ಇಎಸ್‌ಐ) ಕಾಯಿದೆ ಹಂಗಾಮಿ ಕಾರ್ಖಾನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಹಂಗಾಮಿ ಕಾರ್ಖಾನೆ ಯಾವುದು ಎಂದು ಹೇಳುವ ವ್ಯಾಖ್ಯೆಯಲ್ಲಿ ಮೊಟ್ಟಮೊದಲು ಬರುವ ಉದ್ದಿಮೆಯೇ ಹತ್ತಿ ಜಿನ್ನಿಂಗ್, ಅದರ ಬೆನ್ನಿಗೆ ಹತ್ತಿ ಪ್ರೆಸ್ಸಿಂಗ್. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿ ಕಾರ್ಖಾನೆಗಳನ್ನು ಹೊರಗೇ ಇಟ್ಟಿದೆ. ವಿಪರ್ಯಾಸವೆಂದರೆ ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯನ್ನು ಅದೇ ಇಎಸ್‌ಐ ಕಾಯಿದೆಯ ಔದ್ಯೋಗಿಕ ರೋಗಗಳ ಅನುಸೂಚಿ ಹೆಸರಿಸಿ ಒಪ್ಪಿಕೊಂಡಿತ್ತು. ರೋಗವನ್ನು ಒಪ್ಪಿಕೊಂಡ ಕಾನೂನು ಆ ಧೂಳಿನ ಮೊದಲ ಏಟು ತಿನ್ನುವವರನ್ನು ಬಾಗಿಲಾಚೆ ನಿಲ್ಲಿಸಿದೆ. ಇಎಸ್‌ಐ ಇಲ್ಲದವರಿಗೆ ಉಳಿಯುವುದು ಪರಿಹಾರದ ಕಾನೂನು. ಅಲ್ಲಿ ಈ ರೋಗಕ್ಕೆ ಪರಿಹಾರ ಸಿಗಬೇಕಾದರೆ ನಿಗದಿತ ಅವಧಿ ನಿರಂತರವಾಗಿ ಆ ಕೆಲಸದಲ್ಲಿದ್ದುದನ್ನು ತೋರಿಸಬೇಕು. ವರ್ಷಕ್ಕೆ ಐದು ತಿಂಗಳು, ಅದೂ ಒಂದೊಂದು ವರ್ಷ ಒಂದೊಂದು ಗಿರಣಿಯಲ್ಲಿ, ಕಾಗದವಿಲ್ಲದೆ ದುಡಿದ ಹೆಣ್ಣುಮಗಳು ಇದನ್ನು ಹೇಗೆ ತೋರಿಸಬೇಕು?

ಭೋಪಾಲ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು. ಅದರ ಪ್ರಕಾರ ಪಟ್ಟಿಯಲ್ಲಿದ್ದ ಉದ್ದಿಮೆಗಳಲ್ಲಿ ಕೆಲಸಕ್ಕೆ ಹಚ್ಚುವ ಮುನ್ನ ಒಮ್ಮೆ, ಆಮೇಲೆ ಹನ್ನೆರಡು ತಿಂಗಳು ಮೀರದಂತೆ ಮತ್ತೆ ಮತ್ತೆ ವೈದ್ಯಕೀಯ ಪರೀಕ್ಷೆ ಆಗಬೇಕಿತ್ತು, ದಾಖಲೆ ಇಡಬೇಕಿತ್ತು, ಕೇಳಿದಾಗ ಕಾರ್ಮಿಕನಿಗೆ ತೋರಿಸಬೇಕಿತ್ತು. ಪಟ್ಟಿಯಲ್ಲಿ 29 ಉದ್ದಿಮೆಗಳಿದ್ದವು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಂಥವು ಅದರೊಳಗೆ, ರಾಯಚೂರಿನ ಔಷಧ ಕಾರ್ಖಾನೆಗಳೂ ಅದರೊಳಗೆ. ಹತ್ತಿ ಜಿನ್ನಿಂಗ್ ಅದರಲ್ಲಿರಲಿಲ್ಲ. ಹೊಸ ಸಂಹಿತೆಯಡಿ ಉಳಿದ ಕಾರ್ಮಿಕರಿಗೂ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಉಂಟೆಂದು ಸರ್ಕಾರ ಪ್ರಕಟಿಸಿದೆ, ಆದರೆ ಅದು ನಲವತ್ತು ವರ್ಷ ದಾಟಿದವರಿಗೆ. ಇಪ್ಪತ್ತಕ್ಕೆ ಜಿನ್ನಿನ ಮುಂದೆ ನಿಂತವಳಿಗೆ ನಲವತ್ತಾಗುವಾಗ ಇಪ್ಪತ್ತು ಹಂಗಾಮುಗಳ ಧೂಳು ಒಳಗೆ ಹೋಗಿರುತ್ತದೆ. ಹಿಂದಿರುಗಬಹುದಾದ ಹಂತವನ್ನು ಹಿಡಿಯಬೇಕಾದ ಪರೀಕ್ಷೆ ಆ ಹಂತ ದಾಟಿದ ಮೇಲೆ ಶುರುವಾದರೆ ಅದು ರೋಗವನ್ನು ಎಣಿಸುತ್ತದೆಯೇ ಹೊರತು ತಡೆಯುವುದಿಲ್ಲ.

ದಂಡದ ವಿಧಿಗಳಲ್ಲೂ ಇದೇ ಕೊರತೆ. ಸುರಕ್ಷತೆಯ ಕರ್ತವ್ಯ ತಪ್ಪಿ ಸಾವು ಸಂಭವಿಸಿದರೆ ಎರಡು ವರ್ಷದವರೆಗಿನ ಸೆರೆ ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅದರಲ್ಲಿ ಕನಿಷ್ಠ ಅರ್ಧ ಮೃತರ ವಾರಸುದಾರರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ ಎಂದು ಸುರಕ್ಷತೆಯ ಸಂಹಿತೆ ಹೇಳುತ್ತದೆ. ಇದು ಸ್ಥಳದಲ್ಲೇ ಆಗುವ ಸಾವಿಗೆ ಒಗ್ಗುವ ವಿಧಿ. 2023ರ ಡಿಸೆಂಬರ್ 4ರ ರಾತ್ರಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ ಏಳು ಕಾರ್ಮಿಕರು ಸತ್ತರು. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ ಸೆಲ್ಯುಲೋಸ್ ಪುಡಿ ತಯಾರಿಸುವ ಕಾರ್ಖಾನೆ ಸ್ಫೋಟಗೊಂಡು ನಲವತ್ತಕ್ಕೂ ಹೆಚ್ಚು ಜೀವ ಹೋಯಿತು. ಅಂಥ ದಿನ ಮಂತ್ರಿಗಳು ಬರುತ್ತಾರೆ, ಪ್ರಕರಣ ದಾಖಲಾಗುತ್ತದೆ. ಅಕ್ಕಿ ಗಿರಣಿಯ ಬಾಯ್ಲರು, ಹತ್ತಿಯ ಬೆಂಕಿ, ಬೆಲ್ಟಿಗೆ ಸಿಕ್ಕಿದ ಸೆರಗು ಇವೆಲ್ಲ ಈ ಸೀಮೆಯ ನಿತ್ಯದ ಅಪಾಯಗಳೇ, ಅವುಗಳ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. ಆದರೆ ಹದಿನೈದು ವರ್ಷ ತೆಗೆದುಕೊಂಡು ಬರುವ ಸಾವಿಗೆ ಯಾವ ದಿನಾಂಕ ಹಾಕಿ ಯಾರ ಮೇಲೆ ಪ್ರಕರಣ ಹೂಡುತ್ತೀರಿ?

ಗಿರಣಿಗಳನ್ನು ಸರ್ಕಾರ ಮರೆತಿತ್ತು ಎಂದಲ್ಲ. 1925ರಲ್ಲೇ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳಿಗೆಂದು ಪ್ರತ್ಯೇಕ ಕಾಯಿದೆ ಬಂತು. ಅದರ ಕಾಳಜಿ ಹತ್ತಿಯ ಬೇಲ್‌ಗಳಿಗೆ ಗುರುತು ಹಾಕುವುದು, ಕಲಬೆರಕೆ ತಡೆಯುವುದು. 2000ದಲ್ಲಿ ಶುರುವಾದ ಹತ್ತಿ ತಂತ್ರಜ್ಞಾನ ಮಿಷನ್ ದೇಶದ ನೂರಾರು ಜಿನ್ನಿಂಗ್ ಮಿಲ್ಲುಗಳ ಆಧುನೀಕರಣಕ್ಕೆ ಹಣ ಕೊಟ್ಟಿತು. ಅದರ ಗುರಿಯೂ ಅರಳೆಯಲ್ಲಿ ಕಸ ಸೇರದಂತೆ ನೋಡುವುದು. ನೆಲಕ್ಕೆ ಕಾಂಕ್ರೀಟ್ ಬಂತು, ಕೆಲವು ಕಡೆ ಹತ್ತಿಯನ್ನು ಕೊಳವೆಯಲ್ಲಿ ಸಾಗಿಸುವ ವ್ಯವಸ್ಥೆ ಬಂತು, ಅದರಿಂದ ಧೂಳು ಒಂದಿಷ್ಟು ಕಡಿಮೆಯೂ ಆಗಿರಬೇಕು. ಅಷ್ಟು ಹಣ ಕೊಡುವಾಗ ಜಿನ್ನಿನ ಬಾಯಿಗೆ ಧೂಳು ಹೀರುವ ಯಂತ್ರ ಹಾಕಲೇಬೇಕು, ಗಾಳಿಯನ್ನು ಅಳೆಯಲೇಬೇಕು ಎಂದು ಷರತ್ತು ಹಾಕುವ ಅವಕಾಶವೂ ಇತ್ತು. ನೂರು ವರ್ಷ ನಾವು ಅರಳೆಯ ಶುದ್ಧತೆಯನ್ನು ಅಳೆದಿದ್ದೇವೆ, ಅದರ ಪಕ್ಕದಲ್ಲಿ ನಿಂತವರು ಎಳೆದುಕೊಂಡ ಗಾಳಿಯನ್ನು ಅಳೆದಿಲ್ಲ.

ಮುಂದೆ ಬರುವುದು ಇನ್ನೂ ದೊಡ್ಡದು. ಪಕ್ಕದ ಕಲಬುರಗಿಯಲ್ಲಿ ಪಿಎಂ ಮಿತ್ರ ಯೋಜನೆಯ ಬೃಹತ್ ಜವಳಿ ಪಾರ್ಕು 2023ರಲ್ಲಿ ಘೋಷಣೆಯಾಯಿತು, ಒಂದು ಸಾವಿರ ಎಕರೆಯದ್ದು. ಅದು ಅಂದುಕೊಂಡಂತೆ ಬೆಳೆದರೆ ರಾಯಚೂರು, ಯಾದಗಿರಿ, ಕಲಬುರಗಿಯ ಹತ್ತಿ ದೂರದ ನೂಲಿನ ಗಿರಣಿಗಳಿಗೆ ಹೋಗುವ ಬದಲು ಇಲ್ಲೇ ಅರಳೆಯಾಗಿ ಇಲ್ಲೇ ನೂಲಾಗುತ್ತದೆ. ಉದ್ಯೋಗ ಬರಲಿ, ಬರಲೇಬೇಕು. ಗುಳೆ ತಪ್ಪಲಿ. ಆದರೆ ಹಂಗಾಮು ಉದ್ದವಾದಷ್ಟೂ ಧೂಳಿನ ಡೋಸು ಹೆಚ್ಚುತ್ತದೆ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿ ಮಾಡಿತು, ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸಿತು. ಧೂಳಿನ ಮಿತಿಗಳನ್ನು ವಿಜ್ಞಾನಿಗಳು ಲೆಕ್ಕ ಹಾಕಿದ್ದು ಎಂಟು ಗಂಟೆಯ ಪಾಳಿಗೆ, ಉಳಿದ ಹದಿನಾರು ಗಂಟೆ ಶುದ್ಧ ಗಾಳಿ ಸಿಗುತ್ತದೆ ಎಂಬ ಎಣಿಕೆಯ ಮೇಲೆ. ಪಾಳಿ ಹನ್ನೆರಡಾದಾಗ ಒಳಗೆ ಹೋಗುವುದು ಒಂದೂವರೆ ಪಟ್ಟಾಗುತ್ತದೆ, ಚೇತರಿಸಿಕೊಳ್ಳುವ ಹೊತ್ತು ಕುಗ್ಗುತ್ತದೆ.

ತಡೆಯುವ ವಿದ್ಯೆ ಗೂಢವಾದುದೇನಲ್ಲ. ಜಿನ್ನಿನ ಬಾಯಿಯಲ್ಲೇ ಧೂಳು ಹೀರಿ ಸೋಸುವ ಕೊಳವೆ, ಹತ್ತಿಗೆ ತಕ್ಕ ತೇವ, ಕಸಬರಿಗೆ ಮತ್ತು ಗಾಳಿ ಊದುವ ಪೈಪಿನ ಬದಲು ಹೀರುವ ಯಂತ್ರದಿಂದ ಸ್ವಚ್ಛತೆ, ಕ್ರೋಮಿಯಂ ಇಲ್ಲದ ರೋಲರು. ಮುಖಕ್ಕೆ ಕೂಡುವ ಎನ್-95 ಮಾಸ್ಕ್ ಇವೆಲ್ಲ ಆದ ಮೇಲಿನ ಮಾತು, ನಲವತ್ತು ಡಿಗ್ರಿಗೆ ಹತ್ತಿರದ ಮಾರ್ಚ್ ಬಿಸಿಲಿನಲ್ಲಿ ತಗಡಿನ ಕೆಳಗೆ ಅದನ್ನೊಂದೇ ನಂಬಿ ಕೂರುವಂತಿಲ್ಲ. ಕಾನೂನಿನಲ್ಲೂ ಒಂದು ಬಾಗಿಲು ತೆರೆದಿದೆ. ಸಾಮಾಜಿಕ ಭದ್ರತಾ ಸಂಹಿತೆಯ ಮೊದಲ ಅನುಸೂಚಿ, ಅಪಾಯಕಾರಿ ಅಥವಾ ಜೀವಕ್ಕೆ ಕುತ್ತು ತರುವ ಉದ್ಯೋಗವೆಂದು ಕೇಂದ್ರ ಅಧಿಸೂಚಿಸಿದ ಕಡೆ ಒಬ್ಬನೇ ನೌಕರನಿದ್ದರೂ ಇಎಸ್‌ಐ ಅನ್ವಯಿಸುತ್ತದೆ ಎನ್ನುತ್ತದೆ. ಜಿನ್ನಿಂಗ್ ಮತ್ತು ಪ್ರೆಸ್ಸಿಂಗನ್ನು ಹಾಗೆ ಅಧಿಸೂಚಿಸಲು ಸಂಸತ್ತಿನಲ್ಲಿ ಹೊಸ ಮಸೂದೆ ಬೇಕಿಲ್ಲ. ಈ ಬೇಡಿಕೆಯನ್ನು ರಾಯಚೂರಿನ ಸಂಸದರು, ಶಾಸಕರು, ಕಾರ್ಮಿಕ ಸಂಘಗಳು ಒಟ್ಟಾಗಿ ಎತ್ತಬೇಕು, ಈಗಲೇ ಎತ್ತಬೇಕು.

ಅಷ್ಟರೊಳಗೆ ಜಿಲ್ಲೆಯಲ್ಲೇ ಆಗಬಹುದಾದ ಕೆಲಸವಿದೆ. ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ರಿಮ್ಸ್ ಇದೆ. ಉಸಿರಿನ ಬಲ ಅಳೆಯುವ ಸ್ಪೈರೋಮೀಟರ್ ಒಂದು ಚೀಲದಲ್ಲಿ ಹೋಗುವ ಯಂತ್ರ. ಬೆಂಗಳೂರಿನಲ್ಲಿ ಐಸಿಎಂಆರ್‌ನ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ, ರಾಜ್ಯಕ್ಕೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಿದೆ. ಇವು ಸೇರಿ ಹಂಗಾಮು ಶುರುವಾಗುವ ಮೊದಲು ಒಮ್ಮೆ, ವಾರದ ರಜೆಯ ಮರುದಿನ ಪಾಳಿಯ ಮುಂಚೆ ಒಮ್ಮೆ, ಪಾಳಿ ಮುಗಿದಾಗ ಒಮ್ಮೆ ಅದೇ ಕಾರ್ಮಿಕರ ಉಸಿರನ್ನು ಅಳೆಯಬೇಕು. ಬೆಳಗಿನದಕ್ಕೂ ಸಂಜೆಯದಕ್ಕೂ ನಡುವೆ ನೂರಕ್ಕೆ ಹತ್ತರಷ್ಟು ಇಳಿದವರನ್ನು ಧೂಳಿಲ್ಲದ ಕೆಲಸಕ್ಕೆ, ಕೂಲಿ ಕಡಿಯದೆ, ವರ್ಗಾಯಿಸಬೇಕು. ಕೂಲಿ ಕಡಿದರೆ ಯಾರೂ ಎರಡನೆಯ ಸಲ ಯಂತ್ರಕ್ಕೆ ಬಾಯಿ ಕೊಡುವುದಿಲ್ಲ.

ಚೀಕಲಪರ್ವಿಯಂಥ ಹಳ್ಳಿಗಳಿಂದ ಈ ವರ್ಷ ಮಿಲ್ಲಿಗೆ ಹೋಗುವವರಿಗೆ ಒಂದು ಮಾತು. ನೇಮಕಾತಿ ಪತ್ರ ಕೇಳಿ, ಅದು ನಿಮ್ಮ ಹಕ್ಕು. ಗಿರಣಿಯ ಹೆಸರು, ಮಾಡಿದ ಕೆಲಸ, ಸೇರಿದ ಮತ್ತು ಬಿಟ್ಟ ತಾರೀಖು ಅದರಲ್ಲಿರಲಿ. ಪತ್ರ ಕೊಡದಿದ್ದರೆ ಮೇಸ್ತ್ರಿಯ ಬಟವಾಡೆ ಚೀಟಿಯನ್ನಾದರೂ ಎತ್ತಿಡಿ. ದವಾಖಾನೆಗೆ ಹೋದಾಗ ದಮ್ಮು ಯಾವ ದಿನ ಹೆಚ್ಚು ಎಂಬುದನ್ನೂ ಹತ್ತಿ ಮಿಲ್ಲಿನಲ್ಲಿ ದುಡಿದ ವರ್ಷಗಳನ್ನೂ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಪರಿಹಾರಕ್ಕೆ ಅರ್ಜಿ ಹಾಕುವ ದಿನ ಬಂದರೆ ಅಧಿಕಾರಿಯ ಮುಂದೆ ಇಡಲು ಬೇಕಾಗುವುದು ಆ ಕಾಗದಗಳೇ.